ಡ್ರಿಲ್ ಮಷಿನ್‌ಗೆ ಹಾಕುವ ವೈರ್ ಬ್ರಷ್: ಐನೂರರ ಒಳಗೆ ಯಾವುದು ತಗೊಳ್ಳಬಹುದು?

ಗುಬ್ಬಿ ತೋಟದವನು

ಎಲ್ಲರಿಗೂ ನಮಸ್ಕಾರ. ಆಯುಧ ಪೂಜೆ ಹತ್ತಿರ ಬಂತು. ಅಷ್ಟರೊಳಗೆ ಮನೆಯ ಹಳೇ ಕಿಟಕಿ ಸರಳು, ಮುಂದಿನ ಗೇಟು, ಟ್ರ್ಯಾಕ್ಟರ್ ಕಲ್ಟಿವೇಟರ್ ಇಷ್ಟಕ್ಕೂ ತುಕ್ಕು ತೆಗೆದು ಬಣ್ಣ ಹೊಡೆಯಬೇಕು ಅಂತಿದ್ದೇನೆ. ಕಿಟಕಿಯ ಕೆಳಗಿನ ಪಟ್ಟಿ ಈ ಮಳೆಗಾಲದಲ್ಲಿ ಸಿಪ್ಪೆ ಸಿಪ್ಪೆಯಾಗಿ ಏಳ್ತಾ ಇದೆ.

ನನ್ನ ಹತ್ತಿರ 13 ಎಂ.ಎಂ. ಇಂಪ್ಯಾಕ್ಟ್ ಡ್ರಿಲ್ ಇದೆ. ಪ್ಲೇಟಿನ ಮೇಲೆ 2,800 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಅಂತ ಬರೆದಿದೆ. ಕಬ್ಬಿಣ ಉಜ್ಜುವ ಆಂಗಲ್ ಗ್ರೈಂಡರ್ ಇಲ್ಲ, ಸದ್ಯಕ್ಕೆ ಕೊಳ್ಳುವ ಯೋಚನೆಯೂ ಇಲ್ಲ. ತುಮಕೂರಿನ ಮಂಡಿಪೇಟೆಯಲ್ಲಿ ವಿಚಾರಿಸಿದೆ. ಒಂದು ಕಡೆ ಬಟ್ಟಲಿನ ಆಕಾರದ ಬಿಡಿ ಕಪ್ ಬ್ರಷ್ ತೋರಿಸಿದರು. ಇನ್ನೊಂದು ಕಡೆ ಐದಾರು ಬ್ರಷ್ ಇರುವ ಸೆಟ್. ಮತ್ತೊಬ್ಬರು ತಂತಿಯನ್ನು ಜಡೆ ಹೆಣೆದ ಹಾಗೆ ತಿರುಚಿರುವ ಬ್ರಷ್ ಕೈಗಿಟ್ಟು, ಇದೇ ಗಟ್ಟಿ, ಇದನ್ನೇ ತಗೊಂಡು ಹೋಗಿ ಅಂದರು. ಏನೂ ತಗೊಳ್ಳದೆ ವಾಪಸ್ ಬಂದೆ. ಐನೂರು ರೂಪಾಯಿ ಒಳಗೆ ಯಾವುದು ಒಳ್ಳೇದು? ಬಳಸಿರುವವರು ದಯವಿಟ್ಟು ಹೇಳಿ.

ಅಂತರಸನಹಳ್ಳಿ ವೆಲ್ಡರ್

ಐನೂರು ಧಾರಾಳ ಆಯ್ತು ಅಣ್ಣ. ಅದರಲ್ಲಿ ಬ್ರಷ್ಷೂ ಬರುತ್ತದೆ, ಕಣ್ಣಿಗೆ ಗಾಗಲ್ಸೂ ಬರುತ್ತದೆ. ಆದರೆ ರೇಟು ಆಮೇಲೆ ನೋಡಿ. ನಿಮ್ಮ ಮಷಿನ್ ಎಷ್ಟು ಜೋರಾಗಿ ತಿರುಗುತ್ತದೆ, ನೀವು ಉಜ್ಜುವ ಲೋಹ ಯಾವುದು, ಈ ಎರಡನ್ನು ಹಿಡಿದು ಹೋದರೆ ಅಂಗಡಿಯಲ್ಲಿರುವ ಮುಕ್ಕಾಲು ಪಾಲು ಬ್ರಷ್ ನಿಮಗೆ ಬೇಡ. ಉಳಿಯುವುದೆಲ್ಲ ಕಡಿಮೆ ರೇಟಿನದ್ದೇ.

ಆ ತಿರುಚಿದ ತಂತಿಯದ್ದನ್ನು ನಾವು ನಾಟೆಡ್ ಅಂತೀವಿ. ಬ್ರಷ್ ಗಟ್ಟಿಯೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಅದು ಗ್ರೈಂಡರ್‌ನ ಸಾಮಾನು. ಬ್ರಷ್ ಕೆಲಸ ಮಾಡುವುದು ತಂತಿಯ ತುದಿ ಎಷ್ಟು ವೇಗದಲ್ಲಿ ಕಬ್ಬಿಣಕ್ಕೆ ತಾಗುತ್ತದೆ ಅನ್ನುವುದರ ಮೇಲೆ. ನಾಲ್ಕಿಂಚಿನ ಗ್ರೈಂಡರ್ ಸುಮಾರು 11,000 ಆರ್‌ಪಿಎಂ ತಿರುಗುತ್ತದೆ. 75 ಎಂ.ಎಂ. ಬ್ರಷ್ ಹಾಕಿದರೆ ತಂತಿ ತುದಿ ಸೆಕೆಂಡಿಗೆ 43 ಮೀಟರ್ ಓಡುತ್ತದೆ. ಅದೇ ಅಳತೆಯ ಬ್ರಷ್ ನಿಮ್ಮ 2,800ರ ಡ್ರಿಲ್‌ನಲ್ಲಿ ಓಡುವುದು 11 ಮೀಟರ್. ಆ ವೇಗದಲ್ಲಿ ನಾಟೆಡ್ ಬ್ರಷ್ ತುಕ್ಕನ್ನು ಕೆರೆಯುವುದಿಲ್ಲ, ಕುಣಿಯುತ್ತದೆ. ಮೂಲೆಗೆ ಸಿಕ್ಕಿಕೊಂಡರೆ ಮಣಿಕಟ್ಟು ತಿರುಚುತ್ತದೆ.

ನಿಮಗೆ ಬೇಕಾಗಿರುವುದು ಕ್ರಿಂಪ್ಡ್, ಅಂದರೆ ಅಲೆ ಅಲೆಯಾಗಿ ಬಾಗಿಸಿದ ಬಿಡಿ ತಂತಿಯದ್ದು. ಒಂದೊಂದು ತಂತಿಯೂ ತನ್ನಷ್ಟಕ್ಕೆ ಬಳುಕುತ್ತದೆ, ಹಾಗಾಗಿ ಸರಳಿನ ಉಬ್ಬು ತಗ್ಗಿಗೆ ಹೊಂದಿಕೊಳ್ಳುತ್ತದೆ. ತಂತಿ 0.3 ಎಂ.ಎಂ. ಆಸುಪಾಸು ಇದ್ದರೆ ಡ್ರಿಲ್‌ಗೆ ಹದ. ಗೇಟಿನ ಶೀಟು, ಆಂಗಲ್, ಕಲ್ಟಿವೇಟರ್ ಫ್ರೇಮಿಗೆ 50 ಅಥವಾ 75 ಎಂ.ಎಂ. ಕಪ್ ಬ್ರಷ್ ಒಂದು. ಸಂದಿ ಮೂಲೆಗೆ ಎಂಡ್ ಬ್ರಷ್ ಒಂದು, ಪೆನ್ಸಿಲ್ ಬ್ರಷ್ ಅಂದರೂ ಕೊಡುತ್ತಾರೆ. ಎರಡನ್ನೂ ಬಿಡಿಯಾಗಿಯೇ ತಗೊಳ್ಳಿ.

ಶ್ಯಾಂಕ್, ಅಂದರೆ ಡ್ರಿಲ್ಲಿನ ಬಾಯಿ (ಚಕ್) ಒಳಗೆ ಹೋಗುವ ಕಡ್ಡಿ, 6 ಎಂ.ಎಂ. ಗುಂಡಗೆ ಇರಬೇಕು, ಇಲ್ಲವೇ ಕಾಲಿಂಚಿನ ಆರು ಮೂಲೆಯದ್ದು. ನಡುವೆ ಬರೀ ಥ್ರೆಡ್ ಇರುವ ತೂತು ಕಂಡರೆ ಅದು ಗ್ರೈಂಡರಿಗೆ ಹಾಕುವುದು. ಅದನ್ನು ಬೋಲ್ಟ್ ಹಾಕಿ ಡ್ರಿಲ್‌ಗೆ ಕೂರಿಸುವವರನ್ನು ನೋಡಿದ್ದೇನೆ. ಬೋಲ್ಟ್ ನೆಟ್ಟಗೆ ನಿಲ್ಲುವುದಿಲ್ಲ, ಇಡೀ ಮಷಿನ್ ಅದುರುತ್ತದೆ. ದಯವಿಟ್ಟು ಮಾಡಬೇಡಿ.

ಶಿರಾ ಗೇಟ್ ಹಾರ್ಡ್‌ವೇರ್

ವೆಲ್ಡರ್ ಅಣ್ಣ ಸರಿಯಾಗಿ ಹೇಳಿದ್ದಾರೆ. ಕೌಂಟರಿನ ಈ ಕಡೆಯಿಂದ ನಾನೂ ಒಂದೆರಡು ವಿಷಯ ಸೇರಿಸುತ್ತೇನೆ.

ಬಿಡಿ ಕಪ್ ಬ್ರಷ್ ನೂರು ರೂಪಾಯಿ ಆಸುಪಾಸಿನಲ್ಲಿ ಸಿಗುತ್ತದೆ. ಎಂಡ್ ಬ್ರಷ್ ಅದಕ್ಕಿಂತ ಕಡಿಮೆ. ಅದೇ ರೇಟಿನ ಎರಡು ಬ್ರಷ್ ನಡುವೆ ತುಂಬಾ ವ್ಯತ್ಯಾಸ ಇರುತ್ತದೆ. ಅದು ಪ್ಯಾಕೆಟ್ ಮೇಲಿನ ಚಿತ್ರದಲ್ಲಿ ಗೊತ್ತಾಗುವುದಿಲ್ಲ, ಕೈಗೆ ತಗೊಂಡು ನೋಡಬೇಕು.

ಮೊದಲು ಶ್ಯಾಂಕನ್ನು ಗಾಜಿನ ಕೌಂಟರ್ ಮೇಲೆ ಇಟ್ಟು ಬ್ರಷ್ ಭಾಗ ಅಂಚಿನಿಂದ ಆಚೆ ಇರುವ ಹಾಗೆ ಉರುಳಿಸಿ. ಕಡ್ಡಿ ಬಾಗಿದ್ದರೆ ಬ್ರಷ್ ತಲೆ ಮೇಲೆ ಕೆಳಗೆ ಹಾರುವುದು ಕಣ್ಣಿಗೇ ಕಾಣುತ್ತದೆ. ಅದನ್ನು ವಾಪಸ್ ಕೊಟ್ಟು ಇನ್ನೊಂದು ಕೇಳಿ. ಆಮೇಲೆ ತಂತಿಯನ್ನು ಬೆರಳಲ್ಲಿ ಬಿಡಿಸಿ ಬುಡ ನೋಡಿ. ಬುಡದಲ್ಲಿ ಬಟ್ಟಲಿನ ತಳ ಕಾಣುವಷ್ಟು ಖಾಲಿ ಇದ್ದರೆ ತಂತಿ ಕಮ್ಮಿ ಹಾಕಿದ್ದಾರೆ ಅಂತ ಅರ್ಥ. ಅಂಥದ್ದು ಒಂದು ಗೇಟಿಗೇ ಬೋಳಾಗುತ್ತದೆ. ಒಂದೆರಡು ತಂತಿ ಹಿಡಿದು ಎಳೆದು ನೋಡಿ. ಬೆರಳಿನ ಎಳೆತಕ್ಕೇ ಕಿತ್ತು ಬಂದರೆ ಮಷಿನ್‌ನಲ್ಲಿ ಉಳಿಯುತ್ತದೆಯೇ? ಅಂಗಡಿಯವರು ಬೇಜಾರಾಗುತ್ತಾರೆ ಅಂತ ಸಂಕೋಚ ಬೇಡ. ನೋಡಿ ತಗೊಂಡ ಗಿರಾಕಿ ಜಗಳಕ್ಕೆ ಬರುವುದಿಲ್ಲ ಅಂತ ನಮಗೂ ಗೊತ್ತು.

ಇನ್ನು ಬ್ರಷ್ ಮೇಲೋ ಪ್ಯಾಕೆಟ್ ಮೇಲೋ ಮ್ಯಾಕ್ಸ್ ಆರ್‌ಪಿಎಂ ಬರೆದಿರಬೇಕು. ಡ್ರಿಲ್ ಬ್ರಷ್‌ಗಳಿಗೆ ಸಾಮಾನ್ಯವಾಗಿ 4,500 ಅಂತ ಇರುತ್ತದೆ. ನಿಮ್ಮ ಮಷಿನ್ 2,800, ಹಾಗಾಗಿ ಭಯ ಇಲ್ಲ. ಆದರೆ ಅದೇ 6 ಎಂ.ಎಂ. ಕಡ್ಡಿ ಡೈ ಗ್ರೈಂಡರಿಗೂ ಕೂರುತ್ತದೆ. ಅದು 25,000ಕ್ಕೂ ಮೇಲೆ ತಿರುಗುವ ಮಷಿನ್. ಅಲ್ಲಿ ಹಾಕಿದರೆ ಬ್ರಷ್ ಸಿಡಿಯುತ್ತದೆ. ನಂಬರ್ ಇಲ್ಲದ, ತಯಾರಿಸಿದವರ ಅಥವಾ ಆಮದು ಮಾಡಿದವರ ಹೆಸರಿಲ್ಲದ, ಎಂಆರ್‌ಪಿ ಇಲ್ಲದ ಪ್ಯಾಕೆಟ್ಟನ್ನು ನಾನಾದರೆ ಮುಟ್ಟುವುದಿಲ್ಲ. ಪ್ಯಾಕ್ ಮಾಡಿ ಮಾರುವ ಸಾಮಾನಿನ ಮೇಲೆ ಆ ಹೆಸರು, ಎಂಆರ್‌ಪಿ ಇರಲೇಬೇಕು ಅಂತ 2011ರ ಕಾನೂನು ಮಾಪನ ನಿಯಮವೇ ಹೇಳುತ್ತದೆ.

ಕೋಲಾರ ಟೊಮೆಟೊ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಸೆಟ್ ತಗೊಂಡರೆ ತಪ್ಪೇನಿಲ್ಲ. ನಾನು ಆನ್‌ಲೈನ್‌ನಲ್ಲಿ ತರಿಸಿದ ಸೆಟ್ ಮೂರು ಹಂಗಾಮಿನಿಂದ ಓಡ್ತಾ ಇದೆ. ಸ್ಪ್ರೇಯರ್ ಟ್ರಾಲಿ, ಟ್ರೇಲರಿನ ಡಿಸ್ಕು, ಟೊಮೆಟೊ ಕ್ರೇಟು ಜೋಡಿಸುವ ಸ್ಟ್ಯಾಂಡು, ಎಲ್ಲದಕ್ಕೂ ಅದೇ. ಸಣ್ಣ ವೀಲ್ ಬ್ರಷ್ (ಚಕ್ರದ ಆಕಾರದ್ದು) ಒಂದು ಕಡೆ, ದೊಡ್ಡ ವೀಲ್ ಇನ್ನೊಂದು ಕಡೆ, ಕಪ್ ಮತ್ತೊಂದು ಕಡೆ. ಯಾವಾಗ ಯಾವುದು ಬೇಕಾಗುತ್ತದೆ ಅಂತ ಮೊದಲೇ ಹೇಳಕ್ಕಾಗಲ್ಲ ಅಲ್ವಾ?

ಇನ್ನೊಂದು, ನನ್ನದು ಬ್ಯಾಟರಿ ಡ್ರಿಲ್. ತೋಟದಲ್ಲಿ ವೈರ್ ಎಳೆಯುವ ತಾಪತ್ರಯ ಇಲ್ಲ.

ಅಂತರಸನಹಳ್ಳಿ ವೆಲ್ಡರ್

ಟೊಮೆಟೊ ಅಣ್ಣ, ನಿಮ್ಮ ಹಾಗೆ ಬೇರೆ ಬೇರೆ ಆಕಾರದ ಸಾಮಾನು ಇರುವವರಿಗೆ ಸೆಟ್ ಸರಿಯೇ. ಆದರೆ ಒಂದು ಗೇಟು, ನಾಲ್ಕು ಕಿಟಕಿಗೆ ಸೆಟ್ ತಂದರೆ ಎರಡು ಬ್ರಷ್ ಸವೆದು ಹೋಗುತ್ತದೆ, ಉಳಿದದ್ದು ಡಬ್ಬಿಯಲ್ಲೇ ಕೂರುತ್ತದೆ. ಸೆಟ್ಟಿನಲ್ಲಿ ಬರುವ ತಂತಿ ಜಾಸ್ತಿ ಸಲ ಹಿತ್ತಾಳೆ ಬಣ್ಣದ್ದು. ಅದು ಹಿತ್ತಾಳೆ ಅಲ್ಲ, ಮೇಲೆ ಹಿತ್ತಾಳೆ ಲೇಪ ಮಾಡಿದ ಸ್ಟೀಲು. ಆಯಸ್ಕಾಂತ ಹಿಡಿದರೆ ಪಟಕ್ಕಂತ ಅಂಟುತ್ತದೆ. ಕಬ್ಬಿಣ ಉಜ್ಜಲು ಪರವಾಗಿಲ್ಲ. ಹಿತ್ತಾಳೆ ಅಂತ ನಂಬಿ ದೇವರ ದೀಪಕ್ಕೋ ಅಲ್ಯೂಮಿನಿಯಂ ಕಿಟಕಿಗೋ ಹಾಕಿದರೆ ಗೀರು ಬೀಳುತ್ತದೆ.

ಬ್ಯಾಟರಿ ಡ್ರಿಲ್ ಬಗ್ಗೆ ಒಂದು ಮಾತು. ಅದರ ಮೇಲ್ಗಡೆ 1, 2 ಅಂತ ಗೇರ್ ಇರುತ್ತದೆ. ಬ್ರಷ್ ಹಾಕಿದಾಗ 2ರಲ್ಲೇ ಇಡಿ. ಆದರೂ ಸುಮಾರು 1,400 ಆರ್‌ಪಿಎಂ ಅಷ್ಟೇ ಬರುತ್ತದೆ. ವೈರ್ ಇರುವ ಡ್ರಿಲ್ಲಿನ ಅರ್ಧ ವೇಗ. ತೆಳು ತುಕ್ಕಿಗೆ ಸಾಕು. ಸಿಪ್ಪೆ ಎದ್ದಿರುವ ಕಿಟಕಿಗೆ ಬ್ಯಾಟರಿ ಬೇಗ ಇಳಿಯುತ್ತದೆ, ಮಷಿನ್ ಬಿಸಿ ಆಗುತ್ತದೆ.

ಚಿಂತಾಮಣಿ ಹೈನು

ಅಣ್ಣಂದಿರೇ, ಬ್ರಷ್ ಬಗ್ಗೆ ನೀವೆಲ್ಲ ಚೆನ್ನಾಗಿ ಹೇಳ್ತಾ ಇದ್ದೀರಿ. ನಾನು ಹಸು ಕಟ್ಟುವವಳು, ನನಗೆ ಬೇರೆ ಭಯ. ಗುಬ್ಬಿ ಅಣ್ಣ, ಕಲ್ಟಿವೇಟರನ್ನು ಕೊಟ್ಟಿಗೆ ಹತ್ತಿರ ಇಟ್ಟುಕೊಂಡು ಉಜ್ಜಬೇಡಿ. ಹುಲ್ಲಿನ ಬಣವೆ ಹತ್ತಿರವಂತೂ ಬೇಡವೇ ಬೇಡ.

ಈ ಬ್ರಷ್ ಓಡುವಾಗ ತಂತಿ ಉದುರುತ್ತಾ ಇರುತ್ತದೆ. ಸೂಜಿಯಷ್ಟು ಸಣ್ಣದು, ನೆಲದಲ್ಲಿ ಬಿದ್ದರೆ ಕಾಣುವುದಿಲ್ಲ. ಹಸು ನಮ್ಮ ಹಾಗೆ ಅಗಿದು, ಬೇಡದ್ದನ್ನು ಆರಿಸಿ ಉಗುಳುವುದಿಲ್ಲ. ಹುಲ್ಲಿನ ಜೊತೆ ನುಂಗಿಬಿಡುತ್ತದೆ. ತಂತಿ ಹೋಗಿ ಹೊಟ್ಟೆಯ ಎರಡನೇ ಚೀಲದಲ್ಲಿ ಕೂರುತ್ತದೆ, ರೆಟಿಕ್ಯುಲಮ್ ಅಂತಾರೆ ಡಾಕ್ಟರ್. ಆ ಚೀಲದ ಮುಂದೇನೇ ಎದೆ, ಹೃದಯ. ಚೀಲ ಹಿಂಡಿದಾಗ ತಂತಿ ಚುಚ್ಚಿಕೊಂಡು ಮುಂದಕ್ಕೆ ಹೋಗುತ್ತದೆ. ಹಸು ಮೇವು ಬಿಡುತ್ತದೆ, ಹಾಲು ಒಮ್ಮೆಲೇ ಇಳಿಯುತ್ತದೆ, ಬೆನ್ನು ಗೂನು ಮಾಡಿಕೊಂಡು ನಿಲ್ಲುತ್ತದೆ. ಹೃದಯಕ್ಕೆ ತಾಗಿದರೆ ಉಳಿಯುವುದು ಕಷ್ಟ. ಪಶುವೈದ್ಯರು ಕೆಲವು ಕಡೆ ಹಸುವಿನ ಹೊಟ್ಟೆಗೆ ಆಯಸ್ಕಾಂತವನ್ನೇ ಇಳಿಸುತ್ತಾರೆ, ತಂತಿ ಅಲ್ಲೇ ಅಂಟಿಕೊಂಡಿರಲಿ ಅಂತ. ನಮ್ಮ ಕೋಲಾರ ಚಿಕ್ಕಬಳ್ಳಾಪುರ ಕಡೆ ಮನೆ ಮನೆಯಲ್ಲೂ ಹಾಲಿನ ಹಸು ಇದೆ. ಅದಕ್ಕೇ ಇಷ್ಟು ಒತ್ತಿ ಹೇಳ್ತಾ ಇದ್ದೇನೆ.

ಕೆಲಸ ಮಾಡುವ ಜಾಗದಲ್ಲಿ ಹಳೇ ಟಾರ್ಪಾಲ್ ಹಾಸಿ. ಮುಗಿದ ಮೇಲೆ ಹಳೇ ಸ್ಪೀಕರಿನ ಆಯಸ್ಕಾಂತಕ್ಕೆ ಒಂದು ಪ್ಲಾಸ್ಟಿಕ್ ಕವರ್ ಸುತ್ತಿ, ದಾರ ಕಟ್ಟಿ, ಟಾರ್ಪಾಲ್ ಮೇಲೂ ಸುತ್ತಲಿನ ನೆಲದ ಮೇಲೂ ಎಳೆಯಿರಿ. ಕವರ್ ಮೇಲೆ ಗಡ್ಡ ಬೆಳೆದ ಹಾಗೆ ತಂತಿ, ತುಕ್ಕಿನ ಪುಡಿ ಎದ್ದು ನಿಲ್ಲುತ್ತದೆ. ಕವರನ್ನು ಒಳಮಗ್ಗುಲು ಮಾಡಿ ತೆಗೆದರೆ ಎಲ್ಲ ಅದರೊಳಗೇ ಉಳಿಯುತ್ತದೆ. ಅದನ್ನು ತಿಪ್ಪೆಗೆ ಹಾಕಬೇಡಿ, ಗೊಬ್ಬರದ ಜೊತೆ ಮತ್ತೆ ಹೊಲಕ್ಕೆ ಬರುತ್ತದೆ. ಡಬ್ಬಿಗೆ ಹಾಕಿ ಗುಜರಿಗೆ ಕೊಡಿ.

ಗುಬ್ಬಿ ತೋಟದವನು

ಅಕ್ಕ, ಇದು ನನ್ನ ತಲೆಗೆ ಬಂದೇ ಇರಲಿಲ್ಲ. ನಮ್ಮ ಮನೆಯಲ್ಲೂ ಎರಡು ಹಸು ಇದೆ. ಕಲ್ಟಿವೇಟರನ್ನು ರಸ್ತೆ ಕಡೆಯ ಕಣಕ್ಕೆ ಒಯ್ಯುತ್ತೇನೆ. ತುಂಬಾ ಥ್ಯಾಂಕ್ಸ್.

ವೆಲ್ಡರ್ ಅಣ್ಣ, ಬ್ರಷ್ ಹಾಕಿ ಡ್ರಿಲ್ ಹೇಗೆ ಹಿಡಿಯಬೇಕು ಅಂತ ಸ್ವಲ್ಪ ಹೇಳಿ. ಬೇರಿಂಗ್ ಹೋಗುತ್ತದೆ ಅಂತ ಒಬ್ಬರು ಹೆದರಿಸಿದರು. ಗೇಟಿನ ಮೇಲೆ ತಾತನ ಕಾಲದಿಂದ ಹೊಡೆದ ಬಣ್ಣ ನಾಲ್ಕೈದು ಪದರ ಇದೆ. ಅದನ್ನೂ ಇದರಲ್ಲೇ ತೆಗೆಯಬಹುದಾ?

ಅಂತರಸನಹಳ್ಳಿ ವೆಲ್ಡರ್

ಬೇರಿಂಗ್ ಮಾತು ಸುಳ್ಳಲ್ಲ. ಡ್ರಿಲ್ ಮಾಡಿರುವುದು ನೇರವಾಗಿ ಮುಂದಕ್ಕೆ ಒತ್ತಲು. ಪಕ್ಕಕ್ಕೆ ಒತ್ತಿದರೆ ಬೇರಿಂಗ್, ಚಕ್ ಎರಡೂ ಸವೆಯುತ್ತವೆ. ಅದಕ್ಕೇ ಒತ್ತಬಾರದು. ಕೆಲಸ ಮಾಡುವುದು ತಂತಿಯ ತುದಿ. ಜೋರಾಗಿ ಒತ್ತಿದರೆ ತಂತಿ ಮಲಗುತ್ತದೆ, ತುದಿ ಬದಲು ಹೊಟ್ಟೆ ತಾಗುತ್ತದೆ. ತುಕ್ಕು ಹೋಗಲ್ಲ, ತಂತಿ ಮಾತ್ರ ಬುಡದಲ್ಲಿ ಮುರಿಯುತ್ತದೆ. ಮಷಿನ್ನಿನ ಸದ್ದು ಇಳಿಯಿತು ಅಂದರೆ ನೀವು ಒತ್ತುತ್ತಾ ಇದ್ದೀರಿ ಅಂತ ತಿಳಿದುಕೊಳ್ಳಿ. ಖಾಲಿ ಓಡುವಾಗಿನ ಸದ್ದಿಗೂ ಉಜ್ಜುವಾಗಿನ ಸದ್ದಿಗೂ ಹೆಚ್ಚು ವ್ಯತ್ಯಾಸ ಇರಬಾರದು.

ಇಂಪ್ಯಾಕ್ಟ್ ಡ್ರಿಲ್ ಆದ್ದರಿಂದ ಮೊದಲು ಸುತ್ತಿಗೆ ಗುರುತಿನಿಂದ ಡ್ರಿಲ್ ಗುರುತಿಗೆ ಸ್ವಿಚ್ ತಿರುಗಿಸಿ. ಚಕ್ ಕೀಯನ್ನು ಒಂದೇ ತೂತಿನಲ್ಲಿ ಅಲ್ಲ, ಮೂರೂ ತೂತಿನಲ್ಲಿ ಹಾಕಿ ಬಿಗಿ ಮಾಡಿ. ಪಕ್ಕದ ಹಿಡಿ ಹಾಕಲೇಬೇಕು. ಟ್ರಿಗರ್ ಲಾಕ್ ಬಟನ್ ಒತ್ತಬೇಡಿ. ಬ್ರಷ್ ಎಲ್ಲಾದರೂ ಸಿಕ್ಕಿಕೊಂಡರೆ ಕೈ ಬಿಟ್ಟ ತಕ್ಷಣ ಮಷಿನ್ ನಿಲ್ಲಬೇಕು.

ಹೊಸ ಬ್ರಷ್ ಹಾಕಿದ ತಕ್ಷಣ ಯಾರೂ ಇಲ್ಲದ ಕಡೆ ತಿರುಗಿಸಿ ಒಂದು ನಿಮಿಷ ಖಾಲಿ ಓಡಿಸಿ. ಸಡಿಲ ಇರುವ ತಂತಿ ಆಗಲೇ ಹಾರಿ ಹೋಗಲಿ. ಉಳಿದ ಕೆಲಸಕ್ಕೂ ಕನ್ನಡಕ ಸಾಲದು, ಪಕ್ಕ ಮುಚ್ಚುವ ಗಾಗಲ್ಸ್ ಬೇಕು. ಫೇಸ್ ಶೀಲ್ಡ್ ಸಿಕ್ಕರೆ ಇನ್ನೂ ಒಳ್ಳೇದು. ತಂತಿ ಹಾರಿ ಕಣ್ಣಿಗೆ ಹೊಕ್ಕರೆ ನೂರು ರೂಪಾಯಿ ಉಳಿಸಿದ್ದಕ್ಕೆ ಅರ್ಥವೇ ಇಲ್ಲ. ಪಂಚೆ, ಲುಂಗಿ, ಟವೆಲ್ಲು, ಅಕ್ಕಂದಿರಾದರೆ ಸೆರಗು, ಬಿಟ್ಟ ಕೂದಲು, ಕೈಗೆ ಕಟ್ಟಿದ ದಾರ ಯಾವುದೂ ಬ್ರಷ್ ಹತ್ತಿರ ಬರಬಾರದು. ದೊಗಳೆ ನೂಲಿನ ಗ್ಲೌಸ್ ಸಹ ಬೇಡ, ತಂತಿ ಹಿಡಿದು ಸುತ್ತಿಕೊಳ್ಳುತ್ತದೆ. ಕೈಗೆ ಬಿಗಿಯಾಗಿ ಕೂರುವ ಚರ್ಮದ್ದು ಇದ್ದರೆ ಹಾಕಿ.

ಈಗ ನಿಮ್ಮ ಕಿಟಕಿ. ಸರಳುಗಳ ನಡುವೆ ಕಪ್ ಬ್ರಷ್ ತೂರಿಸಬೇಡಿ, ಎರಡು ಸರಳಿಗೂ ಬಡಿದು ಕೈಯಿಂದ ಕಿತ್ತುಕೊಳ್ಳುತ್ತದೆ. ಸರಳಿನ ಎದುರಿಗೆ ಕಪ್ಪನ್ನು ಸ್ವಲ್ಪ ಓರೆ ಹಿಡಿದು ಮೇಲಿಂದ ಕೆಳಕ್ಕೆ ಎಳೆಯಿರಿ. ಮೊದಲು ಕೆಂಪು ಪುಡಿ ಉದುರುತ್ತದೆ, ಆಮೇಲೆ ಕಂದು ಬಣ್ಣ ಬರುತ್ತದೆ, ಅಲ್ಲಲ್ಲಿ ಬಿಳಿ ಹೊಳಪು ಕಾಣುತ್ತದೆ. ಸರಳು ಕೆಳಗಿನ ಪಟ್ಟಿಗೆ ಸೇರುವ ಜಾಗಕ್ಕೆ ಎಂಡ್ ಬ್ರಷ್ ಹಾಕಿ. ನೀರು ನಿಲ್ಲುವುದು ಅಲ್ಲೇ, ಕೊಳೆಯುವುದೂ ಅಲ್ಲೇ. ಜಾಸ್ತಿ ಹೊತ್ತು ಅಲ್ಲಿ ಕೂತು ಕೆಲಸ ಮಾಡಿ. ಸಿಪ್ಪೆ ದಪ್ಪ ಇದ್ದರೆ ಬ್ರಷ್‌ಗಿಂತ ಮೊದಲು ಹಳೇ ಉಳಿಯಿಂದಲೋ ಸ್ಕ್ರೇಪರ್‌ನಿಂದಲೋ ಕೆರೆದು ಬೀಳಿಸಿ. ಅದು ಬ್ರಷ್ ಮಾಡುವ ಕೆಲಸ ಅಲ್ಲ. ಚೌಕಟ್ಟು ಮರದ್ದಾಗಿದ್ದರೆ ಮರಕ್ಕೆ ಒಂದು ತಗಡಿನ ತುಂಡು ಅಡ್ಡ ಹಿಡಿಯಿರಿ. ಸ್ಟೀಲ್ ತಂತಿ ತಾಗಿದರೆ ಮರದ ಮೆದು ನಾರು ಕ್ಷಣದಲ್ಲಿ ಕಿತ್ತು ಹೋಗುತ್ತದೆ.

ಅಂಚಿಗೆ ಬಂದಾಗ ತಂತಿ ಅಂಚಿನಿಂದ ಹೊರಕ್ಕೆ ಓಡುವ ಹಾಗೆ ಹಿಡಿಯಿರಿ. ಎದುರಾಗಿ ಹಿಡಿದರೆ ಒದೆಯುತ್ತದೆ. ಆಗಾಗ ಡ್ರಿಲ್ ನಿಲ್ಲಿಸಿ ರಿವರ್ಸ್‌ಗೆ ಹಾಕಿ. ಒಂದೇ ಕಡೆ ಓಡಿ ತಂತಿ ತುದಿ ಬಾಗಿರುತ್ತದೆ. ತಿರುಗಾ ಓಡಿಸಿದರೆ ಬಾಗಿದ ತುದಿಯೇ ಮೊನೆಯಾಗಿ ಮತ್ತೆ ಚೆನ್ನಾಗಿ ಕೆರೆಯುತ್ತದೆ. ಬ್ರಷ್ ಬಾಳಿಕೆ ಇದರಿಂದಲೇ ಹೆಚ್ಚುತ್ತದೆ.

ಉದ್ದ ಎಕ್ಸ್‌ಟೆನ್ಷನ್ ತೆಳು ವೈರಿನದ್ದಾದರೆ ವೋಲ್ಟೇಜ್ ಬಿದ್ದು ಮಷಿನ್ ಬಿಸಿ ಆಗುತ್ತದೆ. ಸಂಜೆ ಬಲ್ಬ್ ಮಂಕಾಗುವ ಹೊತ್ತಲ್ಲಿ ಈ ಕೆಲಸ ಬೇಡ. ಮಧ್ಯೆ ಮಧ್ಯೆ ಮಷಿನ್ ಮೈ ಮುಟ್ಟಿ ನೋಡಿ, ಬಿಸಿಯಾಗಿದ್ದರೆ ಖಾಲಿ ಓಡಿಸಿ ಆರಿಸಿ.

ಬಣ್ಣದ ವಿಷಯಕ್ಕೆ ಪೇಂಟರ್ ಯಾರಾದರೂ ಹೇಳಿದರೆ ಒಳ್ಳೇದು.

ತಿಪಟೂರು ಪೇಂಟರ್

ತಾತನ ಕಾಲದ ಬಣ್ಣ ಅಂದಿರಲ್ಲ, ಅದನ್ನು ಒಣದಾಗಿ ವೈರ್ ಬ್ರಷ್‌ನಲ್ಲಿ ಉಜ್ಜಬೇಡಿ ಅಂತ ಕೈ ಮುಗಿದು ಕೇಳ್ತೀನಿ. ಹಳೇ ಎನಾಮೆಲ್‌ನಲ್ಲಿ ಸೀಸ ಇರುವ ಸಾಧ್ಯತೆ ಜಾಸ್ತಿ. ಮನೆಗೆ ಹೊಡೆಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಅಂತ ಕೇಂದ್ರ ಸರ್ಕಾರ ನಿಯಮ ಮಾಡಿದ್ದು 2016ರಲ್ಲಿ, ಜಾರಿಗೆ ಬಂದಿದ್ದು 2017ರ ನವೆಂಬರ್‌ನಲ್ಲಿ. ಅದಕ್ಕಿಂತ ಹಿಂದಿನದ್ದು ಏನಿದೆಯೋ ಯಾರಿಗೆ ಗೊತ್ತು? ಬ್ರಷ್ ತಿರುಗಿದರೆ ಆ ಬಣ್ಣ ಹಿಟ್ಟಿನ ಹಾಗೆ ಗಾಳಿಗೆ ಏಳುತ್ತದೆ. ಚಿಕ್ಕ ಮಕ್ಕಳ ಮೆದುಳಿಗೆ ಸೀಸ ವಿಷ. ಗೇಟಿನ ಹತ್ತಿರ ಆಡುವವರೂ ಅವರೇ.

ಪೇಂಟ್ ರಿಮೂವರ್ ಹಚ್ಚಿ, ಉಬ್ಬಿದ ಮೇಲೆ ಸ್ಕ್ರೇಪರ್‌ನಲ್ಲಿ ಎಳೆದು ಹಾಕಿ. ಉಳಿದಿದ್ದನ್ನು ನೀರು ಚಿಮುಕಿಸುತ್ತಾ ವಾಟರ್ ಪೇಪರ್‌ನಲ್ಲಿ ಕೈಯಿಂದಲೇ ಉಜ್ಜಿ. ಒದ್ದೆ ಜಾಗಕ್ಕೆ ಕರೆಂಟ್ ಮಷಿನ್ ತರಬೇಡಿ. ಎನ್95 ಮಾಸ್ಕ್ ಹಾಕಿ, ಕರ್ಚೀಫ್ ಕಟ್ಟಿದರೆ ಆಗಲ್ಲ. ಬಣ್ಣ ಪೂರ್ತಿ ಹೋಗಿ, ಒಣಗಿ, ಬರೀ ತುಕ್ಕು ಉಳಿದ ಮೇಲೆ ಡ್ರಿಲ್ ತಗೊಳ್ಳಿ. ಎಲ್ಲೆಲ್ಲಿ ಹಳೇ ಬಣ್ಣ ಗಟ್ಟಿಯಾಗಿ ಕೂತಿದೆಯೋ ಅದನ್ನು ತೆಗೆಯಲೇಬೇಕು ಅಂತಿಲ್ಲ. ಹೊಳಪು ಹೋಗುವಷ್ಟು ಒದ್ದೆ ಪೇಪರ್ ಎಳೆದು ಮೇಲೆ ಹೊಡೆಯಬಹುದು.

ಉಜ್ಜಿದ ಕಬ್ಬಿಣಕ್ಕೆ ಅದೇ ದಿನ ಪ್ರೈಮರ್ ಬೀಳಬೇಕು. ರಾತ್ರಿ ಇಬ್ಬನಿ ಬಿದ್ದರೆ ಬೆಳಿಗ್ಗೆ ಮತ್ತೆ ಕೆಂಪು ಏಳುತ್ತದೆ. ಥಿನ್ನರ್ ಬಟ್ಟೆಯಲ್ಲಿ ಒರೆಸಿ, ಬೆರಳು ತಾಗಿಸದೆ ರೆಡ್ ಆಕ್ಸೈಡ್ ಪ್ರೈಮರ್ ಹೊಡೆಯಿರಿ. ಥಿನ್ನರ್ ಹತ್ತಿರ ಬ್ರಷ್ ಓಡಿಸಬೇಡಿ, ಕಿಡಿ ಹಾರುತ್ತದೆ. ಒಂದು ದಿನಕ್ಕೆ ಎಷ್ಟು ಉಜ್ಜಿ ಎಷ್ಟು ಪ್ರೈಮರ್ ಹೊಡೆಯಬಲ್ಲಿರೋ ಅಷ್ಟೇ ಕೈಗೆತ್ತಿಕೊಳ್ಳಿ. ಇಡೀ ಗೇಟು ಉಜ್ಜಿ ನಾಳೆ ಹೊಡೆಯೋಣ ಅನ್ನಬೇಡಿ.

ವಸಂತನರಸಾಪುರ ಶಿಫ್ಟ್

ಪೇಂಟರ್ ಅಣ್ಣನ ಮಾತಿಗೆ ಒಂದು ಸೇರಿಸುತ್ತೇನೆ. ಫ್ಯಾಕ್ಟರಿ ಕೆಲಸದಲ್ಲಿ ಐಎಸ್‌ಒ 8501-1 ಅಂತ ಒಂದು ಮಾನದಂಡ ನೋಡುತ್ತೇವೆ. ಕೈ ಅಥವಾ ಪವರ್ ಟೂಲ್‌ನಲ್ಲಿ ಉಜ್ಜಿದ್ದಕ್ಕೆ ಅದರಲ್ಲಿ ಎಸ್‌ಟಿ 2, ಎಸ್‌ಟಿ 3 ಅಂತ ಎರಡೇ ದರ್ಜೆ. ಬ್ಲಾಸ್ಟಿಂಗ್‌ಗೆ, ಅಂದರೆ ಮರಳಿನಂಥ ಕಣ ಜೋರಾಗಿ ಊದಿ ತುಕ್ಕು ತೆಗೆಯುವುದಕ್ಕೆ, ಬೇರೆ ದರ್ಜೆಗಳಿವೆ. ಅಂದರೆ ವೈರ್ ಬ್ರಷ್‌ನಲ್ಲಿ ಎಷ್ಟೇ ಉಜ್ಜಿದರೂ ಬ್ಲಾಸ್ಟ್ ಮಾಡಿದ ಹಾಗೆ ಬೆಳ್ಳಗೆ ಆಗಲ್ಲ, ಆಗಬೇಕಾಗಿಯೂ ಇಲ್ಲ. ಸಡಿಲ ತುಕ್ಕು, ಸಡಿಲ ಬಣ್ಣ ಹೋಗಿ ಲೋಹದ ಹೊಳಪು ಕಂಡರೆ ಸಾಕು. ತೂತು ತೂತಾಗಿ ತಿಂದಿರುವ ಕಡೆ ಜಾಸ್ತಿ ಹೊತ್ತು ಉಜ್ಜಿದರೆ ಒಳಗಿನ ತುಕ್ಕು ಹೋಗುವ ಬದಲು ಕಪ್ಪಗೆ ಪಾಲಿಶ್ ಆಗುತ್ತದೆ. ನೋಡಲು ಚೆನ್ನಾಗಿದ್ದರೂ ಅದರ ಮೇಲೆ ಪ್ರೈಮರ್ ಹಿಡಿಯಲ್ಲ. ಅಲ್ಲಿಗೆ ತುಕ್ಕನ್ನು ಗಟ್ಟಿ ಪದರ ಮಾಡುವ ರಸ್ಟ್ ಕನ್ವರ್ಟರ್ ದ್ರವ ಹಚ್ಚಿ, ಒರಟು ಎಮರಿ ಎಳೆಯಿರಿ. ಹೊಸ ಆಂಗಲ್ ಮೇಲಿನ ನೀಲಿ ಕಪ್ಪು ಮಿಲ್ ಸ್ಕೇಲ್ ಸಹ ಡ್ರಿಲ್ ಬ್ರಷ್‌ಗೆ ಜಗ್ಗಲ್ಲ. ಅದಕ್ಕೆ ಗ್ರೈಂಡರ್, ಫ್ಲಾಪ್ ಡಿಸ್ಕೇ ಬೇಕು.

ಶಿಡ್ಲಘಟ್ಟ ರೀಲರ್

ಒಳ್ಳೆ ಚರ್ಚೆ. ನಂದೂ ಒಂದು ಪ್ರಶ್ನೆ ಇದೆ. ನಮ್ಮ ರೀಲಿಂಗ್ ಘಟಕದಲ್ಲಿ ಗೂಡು ಬೇಯಿಸುವ ಸ್ಟೀಲ್ ಪಾತ್ರೆಯ ಒಳಗೆ ಬೋರ್‌ವೆಲ್ ನೀರಿನ ಬಿಳಿ ಗಾರೆ ಕಟ್ಟಿಕೊಂಡಿದೆ. ಪಕ್ಕದ ಸ್ಟೇನ್‌ಲೆಸ್ ಸ್ಟ್ಯಾಂಡಿನ ವೆಲ್ಡಿಂಗ್ ಜಾಗದಲ್ಲಿ ಕಂದು ಕಲೆ. ಇದೇ ಬ್ರಷ್ ಹಾಕಬಹುದಾ?

ಅಂತರಸನಹಳ್ಳಿ ವೆಲ್ಡರ್

ಪಾತ್ರೆಗೆ ಬೇಡ ಅಣ್ಣ. ಆ ಗಾರೆ ಸುಣ್ಣ, ಹುಳಿಗೆ ಕರಗುತ್ತದೆ. ನಿಂಬೆ ಉಪ್ಪು ಬಿಸಿ ನೀರಿಗೆ ಹಾಕಿ ರಾತ್ರಿ ಬಿಟ್ಟರೆ ಬೆಳಿಗ್ಗೆ ಮೆದುವಾದ ನೈಲಾನ್ ಬ್ರಷ್‌ಗೇ ಬರುತ್ತದೆ. ಚೆನ್ನಾಗಿ ತೊಳೆದು ಬಳಸಿ. ಬ್ರಷ್ ತಂತಿ ಒಂದು ತುಂಡು ಒಳಗೆ ಉಳಿದರೆ ನೂಲಿಗೂ ತೊಂದರೆ.

ಸ್ಟ್ಯಾಂಡಿಗೆ ಸ್ಟೇನ್‌ಲೆಸ್ ತಂತಿಯ ಬ್ರಷ್ಷೇ ಬೇಕು. ಮಾಮೂಲಿ ಸ್ಟೀಲ್ ಬ್ರಷ್ ಹಾಕಿದರೆ ಅದರ ಕಬ್ಬಿಣದ ಕಣ ಸ್ಟೇನ್‌ಲೆಸ್ ಮೇಲೆ ಅಂಟಿಕೊಂಡು, ಸ್ವಲ್ಪ ದಿನದಲ್ಲಿ ಅಲ್ಲೇ ತುಕ್ಕಿನ ಚುಕ್ಕೆ ಏಳುತ್ತದೆ. ಸ್ಟೇನ್‌ಲೆಸ್ ಬ್ರಷ್ ತಂದರೂ ಒಮ್ಮೆ ಕಬ್ಬಿಣದ ಗೇಟಿಗೆ ಬಳಸಿದರೆ ಮುಗೀತು, ಮತ್ತೆ ಸ್ಟೇನ್‌ಲೆಸ್‌ಗೆ ಬರಲ್ಲ. ಶ್ಯಾಂಕಿಗೆ ಟೇಪ್ ಸುತ್ತಿ ಗುರುತು ಮಾಡಿ ಬೇರೆ ಇಡಿ. ರೇಟು ಸ್ವಲ್ಪ ಜಾಸ್ತಿ, ಆದರೆ ಇಲ್ಲಿ ಉಳಿತಾಯ ನೋಡಬೇಡಿ.

ಗೌರಿಬಿದನೂರು ಗುಲಾಬಿ

ಪಾಲಿಹೌಸ್ ಜಿ.ಐ. ಪೈಪಿನ ಮೇಲೆ ಬಿಳಿ ಪುಡಿ ಬಂದಿದೆ. ನಾನೂ ಕಪ್ ಬ್ರಷ್ ತರೋಣ ಅಂತಿದ್ದೆ. ಇದನ್ನು ಓದಿದ ಮೇಲೆ ಅನುಮಾನ ಶುರುವಾಯಿತು.

ವಸಂತನರಸಾಪುರ ಶಿಫ್ಟ್

ಅನುಮಾನ ಸರಿಯಾಗಿದೆ. ಪೈಪನ್ನು ಕಾಯುವುದು ಮೇಲಿನ ಸತುವಿನ ಪದರ. ಸ್ಟೀಲ್ ಬ್ರಷ್ ಅದನ್ನೇ ಕೆರೆದು ತೆಗೆಯುತ್ತದೆ. ಬಿಳಿ ಪುಡಿ ಕೈ ನೈಲಾನ್ ಬ್ರಷ್ ಮತ್ತು ನೀರಿಗೆ ಹೋಗುತ್ತದೆ. ಕೆಂಪು ತುಕ್ಕು ಕಂಡ ಕಡೆ ಮಾತ್ರ, ಅಷ್ಟೇ ಜಾಗಕ್ಕೆ ಬ್ರಷ್ ಹಾಕಿ, ಜಿಂಕ್ ರಿಚ್ ಪ್ರೈಮರ್ ಹೊಡೆಯಿರಿ.

ಗುಬ್ಬಿ ತೋಟದವನು

ಇವತ್ತು ತಂದೆ. 75 ಎಂ.ಎಂ. ಕ್ರಿಂಪ್ಡ್ ಕಪ್ ಒಂದು, ಎಂಡ್ ಬ್ರಷ್ ಒಂದು, ಗಾಗಲ್ಸ್, ಮಾಸ್ಕ್. ಎಲ್ಲ ಸೇರಿ ಐನೂರಕ್ಕೆ ಒಳಗೇ ಆಯಿತು. ಕೌಂಟರ್ ಮೇಲೆ ಉರುಳಿಸಿ ನೋಡಿದೆ, ಮೊದಲು ಕೊಟ್ಟ ಕಪ್ ಬಾಗಿತ್ತು, ಬದಲಾಯಿಸಿ ಕೊಟ್ಟರು. ಒಂದು ಕಿಟಕಿ ಮುಗಿದು ಪ್ರೈಮರ್ ಬಿದ್ದಿದೆ. ರಿವರ್ಸ್ ಹಾಕುವ ವಿದ್ಯೆ ನಿಜಕ್ಕೂ ಕೆಲಸ ಮಾಡುತ್ತದೆ ಅಣ್ಣ.

ಈಗ ಕಲ್ಟಿವೇಟರ್. ಗುಳದ ಬೋಲ್ಟುಗಳು ತುಕ್ಕು ಹಿಡಿದು ಕೂತಿವೆ. ಥ್ರೆಡ್ ಕಾಣ್ತಾನೇ ಇಲ್ಲ. ಇದಕ್ಕೆ ಕಪ್ ಸರಿ ಹೋಗ್ತಾ ಇಲ್ಲ.

ಅಂತರಸನಹಳ್ಳಿ ವೆಲ್ಡರ್

ಥ್ರೆಡ್‌ಗೆ 50 ಅಥವಾ 75ರ ಸಣ್ಣ ವೀಲ್ ಬ್ರಷ್ ಬೇಕು, ಕ್ರಿಂಪ್ಡ್‌ನದ್ದೇ. ಥ್ರೆಡ್ ಸುತ್ತಿದ ದಿಕ್ಕಿಗೇ ತಂತಿ ಓಡುವ ಹಾಗೆ ಹಿಡಿದರೆ ಸಂದಿಯ ಮಣ್ಣು, ತುಕ್ಕು ಎರಡೂ ಹೊರಗೆ ಬರುತ್ತದೆ. ಬೋಲ್ಟ್ ಕಳಚಿ ಕೈಯಲ್ಲಿ ಹಿಡಿದು ಉಜ್ಜಬೇಡಿ, ಬ್ರಷ್ ಕಿತ್ತುಕೊಂಡು ಎಸೆಯುತ್ತದೆ. ವೈಸ್‌ಗೆ ಕಚ್ಚಿಸಿ. ವೈಸ್ ಇಲ್ಲದಿದ್ದರೆ ಕಳಚುವ ಮೊದಲೇ, ಕಲ್ಟಿವೇಟರ್‌ನಲ್ಲಿ ಇರುವಾಗಲೇ ಹೊರಗೆ ಚಾಚಿದ ಭಾಗ ಉಜ್ಜಿ. ಆಮೇಲೆ ಡೀಸೆಲ್ಲೋ ಪೆನೆಟ್ರೇಟಿಂಗ್ ಆಯಿಲ್ಲೋ ಬಿಟ್ಟು ರಾತ್ರಿ ನೆನೆಯಲು ಬಿಡಿ. ಎಣ್ಣೆ ಹಾಕಿದ ಮೇಲೆ ಬ್ರಷ್ ಓಡಿಸಬೇಡಿ. ಸ್ಪ್ಯಾನರ್ ಹಾಕಿದಾಗ ಮೊದಲು ಸ್ವಲ್ಪ ಬಿಗಿ ಮಾಡುವ ಕಡೆಗೇ ಅಲ್ಲಾಡಿಸಿ, ಆಮೇಲೆ ಬಿಚ್ಚಿ. ಥ್ರೆಡ್ ತಿಂದು ಹೋಗಿದ್ದರೆ ಆ ಬೋಲ್ಟ್ ಬಿಟ್ಟುಬಿಡಿ, ಅದೇ ಅಳತೆಯ ಹೈ ಟೆನ್ಸೈಲ್ ಹೊಸದು ಹಾಕಿ. ತಲೆಯ ಮೇಲೆ 8.8 ಅಂತ ಇರುತ್ತದೆ, ನೋಡಿ ತಗೊಳ್ಳಿ.